ಕೊಳ್ಳುವ ಸೇರು, ಕೊಡುವ ಸೇರು

‘ಅವರವರ ದೇಶಕ್ಕೆ ಅವರು ಹೋಗಲಿ’ ಎಂಬ ಮಾತು ನಮ್ಮ ಬಾಯಿಂದ ಎಷ್ಟು ಸಲೀಸಾಗಿ ಹೊರಡುತ್ತದೆ! ಹೇಳುವವರು ಕೆಟ್ಟವರೇನೂ ಅಲ್ಲ. ಹಸಿದು ಬಾಗಿಲಿಗೆ ಬಂದವರನ್ನು ಒಂದು ರೊಟ್ಟಿ ಕೊಡದೆ ಕಳಿಸದವರು, ಪಕ್ಕದ ಮನೆಯ ಬಾಣಂತಿಗೆ ಬಿಸಿನೀರು ಕಾಸಿ ಕೊಡುವವರು. ಅಂಥವರ ಬಾಯಲ್ಲೇ ಈ ಮಾತನ್ನು ನಾನು ಚಿಗರಿ ಬಸ್ಸಿನಲ್ಲಿ ಕೇಳಿದ್ದೇನೆ, ಆಸ್ಪತ್ರೆಯ ಸರದಿಯಲ್ಲಿ ಕೇಳಿದ್ದೇನೆ, ಮಹಿಳಾ ಮಂಡಳದ ಚಹಾದ ಹೊತ್ತಿನಲ್ಲಿ ಕೇಳಿದ್ದೇನೆ. ಈ ಮಾತಿನ ಮೇಲೆ ನನ್ನದೊಂದು ತಕರಾರಿದೆ. ‘ಹೋಗಲಿ’ ಎನ್ನುವುದಕ್ಕೆ ಖರ್ಚಿಲ್ಲ. ‘ಎಲ್ಲಿಗೆ?’ ಎಂದು ಕೇಳಿದರೆ ಮಾತ್ರ ಯಾರೂ ಉತ್ತರ ಕೊಡುವುದಿಲ್ಲ.

ಹಾಗೆ ನೋಡಿದರೆ ನಮ್ಮ ಸತ್ತೂರ ಇಂಥ ಮಾತಾಡುವುದಕ್ಕೆ ತಕ್ಕ ಊರೂ ಅಲ್ಲ. ಅತ್ತ ಧಾರವಾಡ, ಇತ್ತ ಹುಬ್ಬಳ್ಳಿ, ಪಕ್ಕದಲ್ಲಿ ಪೇರಲ ಹಣ್ಣಿನ ನವಲೂರು. ನಡುವೆ ಒಂದು ಹಳೆಯ ಹಳ್ಳಿ. ಅದರ ಸುತ್ತ ಎದ್ದ ಬಡಾವಣೆಗಳಲ್ಲಿ ಮೂಲ ಸತ್ತೂರದವರನ್ನು ಹುಡುಕಬೇಕು. ಗದಗದಿಂದ ಬಂದವರು, ಹಾವೇರಿಯಿಂದ ಬಂದವರು, ನೌಕರಿಗೆ ಬಂದವರು, ಮಕ್ಕಳ ಓದಿಗೆ ಬಂದು ಇಲ್ಲೇ ಮನೆ ಕಟ್ಟಿದವರು. ನನ್ನ ಮನೆಯೂ ಅಂಥದ್ದೇ. ನಮ್ಮ ಮಕ್ಕಳಿಗೆ ‘ನಿಮ್ಮ ಊರು ಯಾವುದು?’ ಎಂದು ಕೇಳಿದರೆ ‘ಸತ್ತೂರ’ ಎನ್ನುತ್ತಾರೆ. ‘ಅಲ್ಲ, ನಿಮ್ಮ ಅಜ್ಜನ ಊರಿನ ಕಾಗದ ತೋರಿಸು’ ಎಂದು ಯಾರೂ ಅವರನ್ನು ತಡೆಯುವುದಿಲ್ಲ.

ತಡೆಯುವುದು ಬೇರೆ ಮಕ್ಕಳನ್ನು. ಚಳಿಗಾಲ ಬಂತೆಂದರೆ ನಮ್ಮ ಅವಳಿನಗರದಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಸಾಲು ಹಿಡಿಯುತ್ತವೆ. ಒಮ್ಮೆ ನನ್ನ ಜೊತೆಗಿದ್ದ ಗೆಳತಿ ಅಂಗಡಿಯ ಹುಡುಗಿಯನ್ನು ಕೇಳಿದಳು: ‘ನಿಂದ್ಯಾವ ಊರವಾ?’ ‘ಮುಂಡಗೋಡ ರೀ ಅಕ್ಕಾರ.’ ‘ಅದಲ್ಲವಾ, ನಿಮ್ಮ ಖರೇ ಊರು?’ ಹುಡುಗಿ ಸ್ವೆಟರಿನ ಮಡಿಕೆ ಸರಿಮಾಡುತ್ತಲೇ ಅಂದಳು: ‘ಖರೇ ಊರೂ ಅದ ರೀ. ನಾ ಹುಟ್ಟಿದ್ದೂ ಅಲ್ಲೇ, ಸಾಲಿ ಕಲಿತದ್ದೂ ಅಲ್ಲೇ.’ ನನ್ನ ಗೆಳತಿಗೆ ಆ ಉತ್ತರ ಸಾಕಾಗಲಿಲ್ಲ. ಸರಕಾರಕ್ಕೂ ಸಾಕಾಗುವುದಿಲ್ಲ.

ಟಿಬೆಟ್ಟಿನೊಳಗೆ ಚೀನಾದ ಸೈನ್ಯ ನುಗ್ಗಿದ್ದು 1950ರಲ್ಲಿ. 1959ರ ಮಾರ್ಚಿನಲ್ಲಿ ಲಾಸಾದಲ್ಲಿ ಜನ ದಂಗೆಯೆದ್ದರು, ಆ ದಂಗೆಯನ್ನು ಸೈನ್ಯ ಹೊಸಕಿಹಾಕಿತು, ದಲಾಯಿ ಲಾಮಾ ಹಿಮಾಲಯ ದಾಟಿ ಭಾರತಕ್ಕೆ ಬಂದರು. ಅವರ ಬೆನ್ನಹಿಂದೆ ಬಂದವರು ಸುಮಾರು 80,000 ಮಂದಿ. ಬೇರೆ ರಾಜ್ಯಗಳು ಯೋಚಿಸುತ್ತಿದ್ದಾಗ ನೆಲ ಕೊಡಲು ಮುಂದಾದವರಲ್ಲಿ ನಮ್ಮ ಎಸ್. ನಿಜಲಿಂಗಪ್ಪನವರು ಮುಖ್ಯರು. 1960ರಲ್ಲಿ ಬೈಲಕುಪ್ಪೆಯ ನೆಲೆ ಆರಂಭವಾಯಿತು, 1966ರಲ್ಲಿ ಮುಂಡಗೋಡದ್ದು, 1970ರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲದ ಕಡೆಯವು. ಹಿಮದ ನಾಡಿನಿಂದ ಬಂದವರು ನಮ್ಮ ಸೆಕೆಯಲ್ಲಿ ಕಾಡು ಸವರಿ ಗೋವಿನಜೋಳ ಬೆಳೆದರು. ಕನ್ನಡ ಕಲಿತರು. ಇದು ನಾವು ಹೆಮ್ಮೆಪಡಬೇಕಾದ ಕಥೆ, ಪಡುತ್ತೇವೆ ಕೂಡ. ಮುಂಡಗೋಡಕ್ಕೆ ಬಂದ ನೆಂಟರನ್ನು ಕರೆದುಕೊಂಡು ಹೋಗಿ ಲಾಮಾ ಕ್ಯಾಂಪಿನ ಮಠಗಳನ್ನು ತೋರಿಸಿ ಫೋಟೋ ತೆಗೆಸಿಕೊಳ್ಳುತ್ತೇವೆ.

ಆದರೆ ಅಲ್ಲಿ ಹುಟ್ಟಿದ ಕೂಸು ಯಾರದು? ನಮ್ಮ 1955ರ ಪೌರತ್ವ ಕಾಯ್ದೆ ಮೊದಲಿಗೆ ತುಂಬ ಉದಾರವಾಗಿತ್ತು. 1950ರ ಜನವರಿ 26ರಿಂದ ಈಚೆಗೆ ಈ ನೆಲದಲ್ಲಿ ಹುಟ್ಟಿದ ಕೂಸು ಈ ನೆಲದ್ದೇ ಎಂದು ಅದು ಹೇಳಿತ್ತು. ಆಮೇಲೆ ತಿದ್ದುಪಡಿ ಬಂತು. 1987ರ ಜುಲೈ 1ರಿಂದ ಹುಟ್ಟಿದ ಮಗುವಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತದ ಪೌರರಾಗಿರಬೇಕೆಂದಾಯಿತು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿಯಾಯಿತು: ಇಬ್ಬರೂ ಪೌರರಾಗಿರಬೇಕು, ಅಥವಾ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹಿಮಾಲಯ ದಾಟಿ ಬಂದ ದಂಪತಿಗಳಿಗೆ 1986ರಲ್ಲಿ ಒಬ್ಬಳು ಮಗಳು, 1988ರಲ್ಲಿ ಇನ್ನೊಬ್ಬಳು ಹುಟ್ಟಿದರು ಎಂದುಕೊಳ್ಳಿ. ಒಂದೇ ಬಸಿರು, ಒಂದೇ ತೊಟ್ಟಿಲು. ಅಕ್ಕ ಭಾರತೀಯಳು, ತಂಗಿ ಪರದೇಶಿ. ಹಡೆದವಳಿಗೆ ಇದನ್ನು ಯಾವ ಬಾಯಿಂದ ತಿಳಿಸಿ ಹೇಳುತ್ತೀರಿ?

ಅಕ್ಕನ ಹಾದಿಯೂ ಸುಗಮವಾಗಿರಲಿಲ್ಲ. ಕಾನೂನು ಕೊಟ್ಟಿದ್ದನ್ನು ಕಚೇರಿ ಕೊಡಲಿಲ್ಲ. 1986ರಲ್ಲಿ ಹಿಮಾಚಲದ ಕಾಂಗ್ಡಾದಲ್ಲಿ ಹುಟ್ಟಿದ ನಾಮ್‌ಗ್ಯಾಲ್ ಡೋಲ್ಕರ್ ಎಂಬ ತರುಣಿ ಪಾಸ್‌ಪೋರ್ಟಿಗಾಗಿ ದಿಲ್ಲಿ ಹೈಕೋರ್ಟಿಗೆ ಹೋಗಬೇಕಾಯಿತು. 2010ರ ಡಿಸೆಂಬರಿನಲ್ಲಿ ಅವಳು ಹುಟ್ಟಿನಿಂದಲೇ ಭಾರತೀಯಳೆಂದು ನ್ಯಾಯಾಲಯ ಹೇಳಿತು. 2013ರಲ್ಲಿ ನಮ್ಮ ಕರ್ನಾಟಕದ ಹೈಕೋರ್ಟು, ಮುಂಡಗೋಡದ ಮಠದಲ್ಲಿ ಓದಿದ ಒಬ್ಬ ರಿನ್‌ಪೋಛೆಯ ಅರ್ಜಿಯ ಮೇಲೆ ಅದೇ ಮಾತನ್ನು ಎತ್ತಿಹಿಡಿಯಿತು. ಮತ್ತೆ 2016ರಲ್ಲಿ ದಿಲ್ಲಿಯಲ್ಲಿ ಅದೇ ತೀರ್ಪು. ಅಷ್ಟಾದ ಮೇಲೆ 2017ರಲ್ಲಿ ಷರತ್ತುಗಳು ಬಂದವು: ಪಾಸ್‌ಪೋರ್ಟ್ ಬೇಕೆ? ನಿರಾಶ್ರಿತರ ನೋಂದಣಿ ಪತ್ರ ಒಪ್ಪಿಸಿ, ಕ್ಯಾಂಪಿನಲ್ಲಿ ವಾಸ ಬಿಡಿ, ಅಲ್ಲಿಯ ಸವಲತ್ತು ಬಿಡಿ. ಅಂದರೆ ದೇಶ ಬೇಕಾದರೆ ಮನೆ ಬಿಡಬೇಕು, ಮನೆ ಬೇಕಾದರೆ ದೇಶ ಬಿಡಬೇಕು.

ಟಿಬೆಟಿಯನ್ನರಲ್ಲಿ ಎಲ್ಲರೂ ಭಾರತದ ಪೌರತ್ವ ಬೇಡುತ್ತಾರೆಂದು ನಾನು ಹೇಳುತ್ತಿಲ್ಲ. ‘ನಾವು ನಿರಾಶ್ರಿತರಾಗಿಯೇ ಇರುತ್ತೇವೆ, ಒಂದು ದಿನ ತಿರುಗಿ ಹೋಗುತ್ತೇವೆ’ ಎಂದು ಹಟ ಹಿಡಿದ ಹಿರಿಯರಿದ್ದಾರೆ. ಆ ಹಟಕ್ಕೆ ನಾನು ಕೈಮುಗಿಯುತ್ತೇನೆ. ಬೇಡವೆನ್ನುವವರ ಮೇಲೆ ಹೇರುವ ಮಾತೇ ಇಲ್ಲ. ಆದರೆ ಬೇಡವೆನ್ನುವ ಹಕ್ಕು ಅಜ್ಜನಿಗೆ ಇರುವಂತೆ ಬೇಕೆನ್ನುವ ಹಕ್ಕು ಮೊಮ್ಮಗಳಿಗೂ ಇರಬೇಕಲ್ಲ? ಅಜ್ಜನ ನಾಡಿಗೆ ಹೋಗಬೇಕಾದರೆ ಅವಳು ತಾನು ಚೀನೀಯಳೆಂದು ಒಪ್ಪಿಕೊಂಡು, ಅಜ್ಜನನ್ನು ಓಡಿಸಿದವರ ಅಪ್ಪಣೆ ಬೇಡಬೇಕು. ನಾವಾದರೆ ಬೇಡುತ್ತಿದ್ದೆವೆ?

‘ಅದೆಲ್ಲ ಖರೆ, ಆದರೆ ಅವರ ಮೂಲ ಇಲ್ಲಿಯದಲ್ಲವಲ್ಲ’ ಎನ್ನುತ್ತೀರಿ. ಆಗಲಿ. ಮೂಲವೇ ಮುಖ್ಯವೆಂದು ಒಂದು ಗಳಿಗೆ ಒಪ್ಪೋಣ. ಹಾಗಾದರೆ ಮೂಲ ಇಲ್ಲಿಯದೇ ಆದ ಮಕ್ಕಳ ಕಥೆ ಕೇಳಿ. ಅವರನ್ನಾದರೂ ನಾವು ಓಡಿಬಂದು ಎತ್ತಿಕೊಂಡಿರಬೇಕಲ್ಲ?

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ತಮಿಳು ಜಿಲ್ಲೆಗಳ ಬಡ ಕೂಲಿಗಳನ್ನು ಸಿಲೋನಿನ ಗುಡ್ಡಗಳಿಗೆ ಸಾಗಿಸಿದರು. ಮೊದಲು ಕಾಫಿ ತೋಟ, ಆಮೇಲೆ ಚಹಾ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಎಲೆ ಕಿತ್ತವರು ಹೆಚ್ಚಾಗಿ ಹೆಂಗಸರು. ರಾಮೇಶ್ವರದ ಹತ್ತಿರದ ಮಂಡಪಮ್ ಎಂಬಲ್ಲಿ ಕೂಲಿಗಳನ್ನು ತಡೆದು, ರೋಗ ರುಜಿನ ನೋಡಿ, ಸಮುದ್ರ ದಾಟಿಸುವ ಶಿಬಿರವಿತ್ತು. 1948ರಲ್ಲಿ ಸಿಲೋನು ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವ ಕಾಯ್ದೆ ಈ ತೋಟದ ಜನರನ್ನು, ಏಳು ಲಕ್ಷಕ್ಕೂ ಹೆಚ್ಚು ಮಂದಿಯನ್ನು, ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿಬಿಟ್ಟಿತು. ನೀವು ಭಾರತದವರು ಎಂದಿತು ಸಿಲೋನು. ನೀವು ಅಲ್ಲಿಯವರೇ ಎಂದಿತು ಭಾರತ.

1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಕೂತು ಲೆಕ್ಕ ಮಾಡಿದರು. ಒಟ್ಟು 9,75,000 ಜನ. 5,25,000 ಭಾರತಕ್ಕೆ, 3,00,000 ಸಿಲೋನಿಗೆ. ಉಳಿದ 1,50,000 ಜನರ ಮಾತು ಆಮೇಲೆ. ಹತ್ತು ವರ್ಷದ ನಂತರ 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಆ ಉಳಿದವರನ್ನೂ 75,000ದಂತೆ ಇಬ್ಭಾಗ ಮಾಡಿದರು. ಅಣ್ಣತಮ್ಮಂದಿರು ಪಾಲಾಗುವಾಗ ಕಣಜದ ಜೋಳ ಅಳೆದಂತೆ ಮಂದಿಯನ್ನು ಅಳೆದರು. ನಿನಗೆಲ್ಲಿ ಇರಬೇಕೆನಿಸುತ್ತದೆ ಎಂದು ಎಲೆ ಕೀಳುವವಳನ್ನು ಕೇಳಿ ಮಾಡಿದ ಒಪ್ಪಂದ ಅದಾಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ತಾಯಿ ಇಲ್ಲಿಗೆ, ಮಗಳು ಅಲ್ಲಿಗೆ ಆದರು.

ಹಾಗೆ ಬಂದವರಲ್ಲಿ ಕೆಲವರು ನಮ್ಮ ಕರ್ನಾಟಕಕ್ಕೂ ಬಂದರು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿನ ಕಡೆ ಹೋದರೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ನಸುಕಿನಲ್ಲಿ ಎದ್ದು ಮರದ ತೊಗಟೆ ಕೆತ್ತಿ ಹಾಲು ಇಳಿಸುವವರಲ್ಲಿ 1970ರ ದಶಕದಿಂದ ಬಂದ ಆ ಸಿಲೋನ್ ಮಂದಿ, ಅವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಅವರಿಗೆ ಪೌರತ್ವದ ಕಾಗದ ಸಿಕ್ಕಿತ್ತು. ಜಾತಿ ಪ್ರಮಾಣಪತ್ರಕ್ಕಾಗಿ ಅವರ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆದದ್ದು ಬೇರೆ ಮಾತು. ಆದರೂ ಓಟು ಹಾಕಿದರು, ಶಾಲೆ ಕಲಿತರು, ಊರಾದರು. ಅವರು ಬಂದರೆಂದು ಸುಳ್ಯವೇನೂ ಮುಳುಗಲಿಲ್ಲ.

ಮುಳುಗಿದ್ದು ಹಿಂದೆ ಉಳಿದವರ ಬದುಕು. 1983ರ ಜುಲೈಯಲ್ಲಿ ಶ್ರೀಲಂಕೆಯಲ್ಲಿ ತಮಿಳರ ಕಗ್ಗೊಲೆ ನಡೆಯಿತು, ಯುದ್ಧ ಹೊತ್ತಿತು. 1984ರಲ್ಲಿ ಹಡಗೂ ನಿಂತಿತು. ಆಮೇಲೆ 2009ರಲ್ಲಿ ಯುದ್ಧ ಮುಗಿಯುವ ತನಕ ಮಂದಿ ಮೀನುಗಾರರ ದೋಣಿಗಳಲ್ಲಿ ಸಮುದ್ರ ದಾಟಿ ರಾಮೇಶ್ವರಕ್ಕೆ ಬಂದರು. ಅವರಲ್ಲಿ ಲಂಕೆಯ ಉತ್ತರದ ತಮಿಳರೂ ಇದ್ದರು, ಈ ಚಹಾ ತೋಟದ ಜನರೂ ಇದ್ದರು. ಅವರನ್ನು ಇಳಿಸಿದ್ದು ಎಲ್ಲಿ ಬಲ್ಲಿರಾ? ಅದೇ ಮಂಡಪಮ್ ಶಿಬಿರದಲ್ಲಿ. ಮುತ್ತಜ್ಜಿಯನ್ನು ಯಾವ ಬಾಗಿಲಿಂದ ಹೊರಗೆ ಕಳಿಸಿದರೋ ಅದೇ ಬಾಗಿಲಲ್ಲಿ ಮರಿಮಗಳು ಬಂದು ನಿಂತಳು. ಆಗ ಮುತ್ತಜ್ಜಿಯ ದೇಶ ಅವಳನ್ನು ಕೇಳಿತು: ನೀನು ಯಾರು?

ಇಂದಿಗೂ ತಮಿಳುನಾಡಿನ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಸುಮಾರು 58,000 ಮಂದಿ ಇದ್ದಾರೆ. ಇಕ್ಕಟ್ಟಾದ ಕೋಣೆ, ಗೊತ್ತಾದ ದಿನ ಹಾಜರಿ, ಹೊರಗೆ ಹೋದರೆ ಅಪ್ಪಣೆ. ಅಲ್ಲೇ ಹುಟ್ಟಿ, ಅಲ್ಲೇ ಓದಿ, ಪದವಿ ಪಡೆದು, ಸರಕಾರಿ ನೌಕರಿಗೆ ಅರ್ಜಿ ಹಾಕಲಾಗದ ಮಕ್ಕಳಿದ್ದಾರೆ. ಬಡವರ ಶಿಬಿರಕ್ಕೆ ಹೆಸರು ಬದಲಾಯಿಸುವುದು ಸುಲಭ. 2021ರಲ್ಲಿ ತಮಿಳುನಾಡು ಸರಕಾರ ಅವನ್ನು ಪುನರ್ವಸತಿ ಶಿಬಿರಗಳೆಂದು ಕರೆಯಿತು, ಒಳ್ಳೆಯ ಮನಸ್ಸಿನಿಂದಲೇ ಕರೆಯಿತು. ಪೌರತ್ವ ಕೊಡುವ ಅಧಿಕಾರ ಮಾತ್ರ ದಿಲ್ಲಿಯದು. ದಿಲ್ಲಿಯ ಪುಸ್ತಕದಲ್ಲಿ ಪಾಸ್‌ಪೋರ್ಟಿಲ್ಲದೆ ಬಂದವರೆಲ್ಲ ಅಕ್ರಮ ವಲಸಿಗರು. ಮನೆಗೆ ಬೆಂಕಿ ಬಿದ್ದಾಗ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವವಳು ವೀಸಾ ಮಾಡಿಸಿಕೊಂಡು ಓಡಬೇಕಿತ್ತು!

2019ರ ಜೂನಿನಲ್ಲಿ ಮದರಾಸು ಹೈಕೋರ್ಟಿನ ಮದುರೆ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅವರು, ಈ ತೋಟದ ಮೂಲದವರ ಅರ್ಜಿಗಳನ್ನು ಕೇಂದ್ರ ಸರಕಾರ ಸಹಾನುಭೂತಿಯಿಂದ ನೋಡಬೇಕೆಂದು ಹೇಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂತು. ಪಾಕಿಸ್ತಾನ, ಬಾಂಗ್ಲಾದೇಶ, ಅಫಘಾನಿಸ್ತಾನಗಳಿಂದ ಬಂದ ಆರು ಧರ್ಮದವರಿಗೆ ಅದು ದಾರಿ ತೆರೆಯಿತು. ಶ್ರೀಲಂಕೆಯ ಹೆಸರು ಅದರಲ್ಲಿಲ್ಲ, ಟಿಬೆಟ್ಟಿನದೂ ಇಲ್ಲ. 2022ರಲ್ಲಿ ಮಂಡಪಮ್ ಶಿಬಿರದಲ್ಲೇ 1986ರಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳಿಗೆ ಪಾಸ್‌ಪೋರ್ಟ್ ಕೊಡಿರೆಂದು ಅದೇ ಮದುರೆ ಪೀಠ ಆಜ್ಞೆ ಮಾಡಿತು. 2024ರ ಲೋಕಸಭಾ ಚುನಾವಣೆಯಲ್ಲಿ ಆಕೆ ಮೊದಲ ಸಲ ಓಟು ಹಾಕಿದಳು. ಓಟಿನ ಶಾಯಿ ಬೆರಳಿಗೆ ಬೀಳುವುದಕ್ಕೆ ಅವಳಿಗೆ ಹೆಚ್ಚುಕಡಿಮೆ ನಾಲ್ವತ್ತು ವರ್ಷ ಹಿಡಿಯಿತು. 2025ರ ಸೆಪ್ಟೆಂಬರಿನಲ್ಲಿ, 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಲಂಕೆಯ ತಮಿಳರಿಗೆ ಪಾಸ್‌ಪೋರ್ಟ್, ವೀಸಾ ಇಲ್ಲವೆಂಬ ಕಾರಣಕ್ಕೆ ಶಿಕ್ಷೆಯಿಲ್ಲವೆಂದು ಕೇಂದ್ರ ವಿನಾಯಿತಿ ಕೊಟ್ಟಿತು. ಸಂತೋಷ. ಜೈಲಿಗೆ ಹಾಕುವುದಿಲ್ಲ ಎನ್ನುವುದಕ್ಕೂ ಮನೆಯೊಳಗೆ ಬಾ ಎನ್ನುವುದಕ್ಕೂ ಎಷ್ಟು ಅಂತರವಿದೆಯೆಂದು ಹೆಣ್ಣುಮಕ್ಕಳಾದ ನಮಗೆ ಬಿಡಿಸಿ ಹೇಳಬೇಕೆ?

ಈಗ ನನ್ನ ಮೂಲ ತಕರಾರಿಗೆ ಬರುತ್ತೇನೆ. ಮುಂಡಗೋಡದ ಹುಡುಗಿ ‘ನಾನು ಇಲ್ಲೇ ಹುಟ್ಟಿದವಳು’ ಎಂದರೆ ನಾವು ‘ಹುಟ್ಟಿದರೇನಾಯಿತು, ನಿನ್ನ ಮೂಲ ಬೇರೆ’ ಎನ್ನುತ್ತೇವೆ. ಮಂಡಪಮ್‌ನ ಹುಡುಗಿ ‘ನನ್ನ ಮೂಲ ಇಲ್ಲಿಯದೇ’ ಎಂದರೆ ‘ಮೂಲವಿದ್ದರೇನಾಯಿತು, ನಿನ್ನವರು ಹೊರಗಿನಿಂದ ಬಂದವರು’ ಎನ್ನುತ್ತೇವೆ. ಹಳೆಯ ಕಾಲದ ಕೆಲವು ಅಂಗಡಿಗಳಲ್ಲಿ ರೈತನಿಂದ ಕೊಳ್ಳುವುದಕ್ಕೊಂದು ಸೇರು, ಗಿರಾಕಿಗೆ ಕೊಡುವುದಕ್ಕೊಂದು ಸೇರು ಇರುತ್ತಿತ್ತಂತೆ. ಯಾವ ಸೇರಿನಿಂದ ಅಳೆದರೂ ಎದುರಿಗಿದ್ದವನಿಗೇ ಕಡಿಮೆ. ಪೌರತ್ವದ ಅಂಗಡಿಯಲ್ಲಿ ನಾವು ಇಟ್ಟುಕೊಂಡಿರುವುದು ಈ ಎರಡು ಸೇರುಗಳನ್ನು.

ಮೂರನೆಯ ಸೇರೊಂದಿದೆ. ಅದು ತುಂಬಿ ತುಳುಕುತ್ತದೆ. ಸಾಗರೋತ್ತರ ಭಾರತೀಯ ಪೌರರ ಕಾರ್ಡು, ಓಸಿಐ, ನಿಮಗೆಲ್ಲ ಗೊತ್ತು. ನಮ್ಮ ಓಣಿಯಲ್ಲೇ ನಾಲ್ಕಾರು ಮನೆಗಳ ಮೊಮ್ಮಕ್ಕಳಿಗೆ ಅದಿದೆ. ಅಮೆರಿಕದಲ್ಲಿ ಹುಟ್ಟಿ, ಅಮೆರಿಕದ ಪಾಸ್‌ಪೋರ್ಟ್ ಹಿಡಿದು, ದೀಪಾವಳಿಗೆ ಬಂದು ಅಜ್ಜಿಯ ಕೈಯ ಹೋಳಿಗೆ ತಿಂದು ಹೋಗುವ ಮಕ್ಕಳು. ಅವರಿಗೆ ಕಾರ್ಡು ಸಿಕ್ಕಿದ್ದು ನನಗೆ ಸಂತೋಷವೇ. ಆ ಕಾರ್ಡಿಗೆ ಮಗು, ಮೊಮ್ಮಗು ಮಾತ್ರವಲ್ಲ, ಮರಿಮಗುವೂ ಅರ್ಹ. ಅಂದರೆ ಮುತ್ತಜ್ಜಿಯನ್ನು ಲೆಕ್ಕಕ್ಕೆ ಹಿಡಿಯುವುದು ನಮ್ಮ ಕಾನೂನಿಗೆ ಚೆನ್ನಾಗಿ ಬರುತ್ತದೆ. ಆದರೆ ಕಾರ್ಡು ಬೇಕಾದರೆ ಕೈಯಲ್ಲಿ ಇನ್ನೊಂದು ದೇಶದ ಪೌರತ್ವವಿರಬೇಕು. ಒಂದು ದೇಶ ಇದ್ದವರಿಗೆ ನಮ್ಮದು ಎರಡನೆಯದಾಗಿ ಸಿಗುತ್ತದೆ, ಒಂದೂ ಇಲ್ಲದವರಿಗೆ ಸಿಗುವುದಿಲ್ಲ. ಡಾಲರ್ ಮುತ್ತಜ್ಜಿ ನೆನಪಿದ್ದಾಳೆ, ಚಹಾ ಎಲೆ ಕಿತ್ತ ಮುತ್ತಜ್ಜಿ ಮರೆತುಹೋಗಿದ್ದಾಳೆ.

ನಮ್ಮ ಸಂವಿಧಾನ ಬರೆದವರು ಹೀಗೆ ಮರೆತಿರಲಿಲ್ಲ. ಅದರ ಎಂಟನೆಯ ವಿಧಿಯನ್ನು ನೋಡಿ. ತಾನಾಗಲಿ, ತಂದೆತಾಯಿಗಳಾಗಲಿ, ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ್ದು, ಹೊರದೇಶದಲ್ಲಿ ನೆಲೆಸಿದವರು ಅಲ್ಲಿಯ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ ಭಾರತೀಯರಾಗಬಹುದಿತ್ತು. ಅಜ್ಜಿಯ ಹೆಸರಿಗೆ ಅವರು ಅಷ್ಟು ಬೆಲೆ ಕೊಟ್ಟಿದ್ದರು.

‘ಭಾರತವೇನು ಧರ್ಮಶಾಲೆಯೆ?’ ಎನ್ನುವವರಿದ್ದಾರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಬ್ಬ ಲಂಕೆಯ ತಮಿಳನ ಅರ್ಜಿಯ ವಿಚಾರಣೆಯಲ್ಲಿ ನ್ಯಾಯಪೀಠದಿಂದಲೇ ಆ ಶಬ್ದ ಬಂತು. ಅವನು ಅಪರಾಧಿಯೆಂದು ತೀರ್ಮಾನವಾಗಿ ಶಿಕ್ಷೆ ಅನುಭವಿಸಿದವನು, ಆ ಪ್ರಕರಣವೇ ಬೇರೆ. ಆದರೆ ಶಬ್ದಕ್ಕೆ ರೆಕ್ಕೆ ಬಂದು ಊರೂರಿಗೆ ಹಾರಿತು. ನನ್ನ ಉತ್ತರ ಇಷ್ಟೇ: ಧರ್ಮಶಾಲೆಗೆ ಬರುವವನು ದಾರಿಹೋಕ. ಮನೆಯಲ್ಲಿ ಹುಟ್ಟಿದ ಕೂಸನ್ನು ಯಾರೂ ದಾರಿಹೋಕನೆನ್ನುವುದಿಲ್ಲ. ಇನ್ನು ಜನಸಂಖ್ಯೆಯ ಮಾತು. 2011ರ ಜನಗಣತಿಯಂತೆ ನಮ್ಮ ಹುಬ್ಬಳ್ಳಿ-ಧಾರವಾಡದ ಜನ 9 ಲಕ್ಷ 43 ಸಾವಿರ. ಈಗಿನ 82 ವಾರ್ಡುಗಳಲ್ಲಿ ಐದಾರು ವಾರ್ಡಿನಷ್ಟು ಜನ ಆ ಎಲ್ಲ ಶಿಬಿರಗಳಲ್ಲಿರುವುದು. ಅವರು ಈಗಾಗಲೇ ಇಲ್ಲೇ ಉಣ್ಣುತ್ತಿದ್ದಾರೆ, ಇಲ್ಲೇ ದುಡಿಯುತ್ತಿದ್ದಾರೆ. ಕಾಗದ ಕೊಟ್ಟರೆ ದೇಶದಲ್ಲಿ ಒಂದು ತಲೆಯೂ ಹೆಚ್ಚಾಗುವುದಿಲ್ಲ. ಭದ್ರತೆಯ ಭಯವೆ? ಅಪರಾಧ ಮಾಡಿದವರನ್ನು ಹಿಡಿಯಲು ಪೊಲೀಸರಿದ್ದಾರೆ. ತೊಟ್ಟಿಲ ಕೂಸಿನಿಂದ ಯಾವ ಭದ್ರತೆಗೆ ಭಂಗ?

ಗೆಳತಿಯರೇ, ಈ ವಿಷಯ ವಕೀಲರಿಗೆ, ರಾಜಕಾರಣಿಗಳಿಗೆ ಸೇರಿದ್ದೆಂದು ಬಿಡಬೇಡಿ. ಇದೇ ಪೌರತ್ವ ಕಾಯ್ದೆ 1992ರ ತನಕ ನಮ್ಮನ್ನು ಏನೆಂದು ತಿಳಿದಿತ್ತು ಗೊತ್ತೆ? ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬರುತ್ತಿದ್ದುದು ತಂದೆಯಿಂದ ಮಾತ್ರ. ತಾಯಿ ಭಾರತೀಯಳಾಗಿದ್ದು ಸಾಲದಿತ್ತು. ಒಂಬತ್ತು ತಿಂಗಳು ಹೊತ್ತವಳ ದೇಶ ಕೂಸಿಗೆ ಅಂಟುವುದಿಲ್ಲವೆಂದು ಕಾನೂನು ನಂಬಿತ್ತು. 1992ರಲ್ಲಿ ಅದು ಬದಲಾಯಿತು. ಅಂದರೆ ಈ ಗೆರೆಗಳನ್ನು ದೇವರು ಬರೆದಿಲ್ಲ, ಮನುಷ್ಯರು ಬರೆದದ್ದು, ಅಳಿಸಿ ಬರೆಯಬಹುದು. ಅದೇ 1992ರ ಡಿಸೆಂಬರಿನಲ್ಲಿ ಭಾರತ ಮಕ್ಕಳ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಸೇರಿತು. ಹುಟ್ಟಿದ ಪ್ರತಿ ಮಗುವಿಗೆ ಒಂದು ದೇಶ ಪಡೆಯುವ ಹಕ್ಕಿದೆ, ಯಾವ ದೇಶವೂ ಇಲ್ಲದಂತಾಗುವ ಮಗುವಿನ ವಿಷಯದಲ್ಲಿ ವಿಶೇಷ ಕಾಳಜಿ ಬೇಕು ಎನ್ನುವುದು ಅದರ ಏಳನೆಯ ವಿಧಿ. ಕೊಟ್ಟ ಮಾತು ಅದು.

ಹುಟ್ಟಿದ ಮನೆಯಲ್ಲಿ ‘ಪರರ ಮನೆಗೆ ಹೋಗುವವಳು’, ಹೋದ ಮನೆಯಲ್ಲಿ ‘ಪರರ ಮನೆಯಿಂದ ಬಂದವಳು’ ಎನಿಸಿಕೊಂಡು ನಡುಬಾಗಿಲಲ್ಲಿ ನಿಂತ ಅನುಭವ ನಮ್ಮಲ್ಲಿ ಯಾರಿಗಿಲ್ಲ? ನಮಗಾದರೂ ಎರಡು ಮನೆ ಇದ್ದವು. ಈ ಮಕ್ಕಳಿಗೆ ಎರಡೂ ಇಲ್ಲ. ಹಾಗಾಗಿ ನಾವೇ ಕೇಳಬೇಕು. ಈ ನೆಲದಲ್ಲಿ ಹುಟ್ಟಿ ಬೇರೆ ಯಾವ ದೇಶವೂ ಇಲ್ಲದ ಮಗು, ಅದು ಮುಂಡಗೋಡದಲ್ಲಿ ಹುಟ್ಟಿರಲಿ, ಮಂಡಪಮ್‌ನಲ್ಲಿ ಹುಟ್ಟಿರಲಿ, ಬಯಸಿದರೆ ಅದಕ್ಕೆ ಪೌರತ್ವ ಸಿಗಬೇಕು. ಯುದ್ಧದಿಂದ ಓಡಿಬಂದ ತಾಯಿಯ ಮೇಲಿನ ‘ಅಕ್ರಮ’ವೆಂಬ ಮುದ್ರೆ ಮಗುವಿನ ಹಣೆಗೆ ದಾಟಬಾರದು. ಇಲ್ಲಿಂದಲೇ ಹೋದವರ ಮರಿಮಕ್ಕಳನ್ನು ಅಮೆರಿಕದ ಮರಿಮಕ್ಕಳಷ್ಟಾದರೂ ನಮ್ಮವರೆಂದು ಎಣಿಸಬೇಕು. ಓಟು ಕೇಳುವವರು ಸತ್ತೂರಕ್ಕೂ ಬರುತ್ತಾರೆ. ರಸ್ತೆ, ನೀರಿನ ಜೊತೆಗೆ ಇದನ್ನೂ ಒಂದು ಸಲ ಕೇಳಿನೋಡಿ. ಅವರು ಕಕ್ಕಾಬಿಕ್ಕಿಯಾದರೆ ಆಗಲಿ. ನಾವು ಯಾರ ಪರವಾಗಿಯೂ ದಾನ ಬೇಡುತ್ತಿಲ್ಲ, ಅಂಗಡಿಯಲ್ಲಿ ಸೇರು ಒಂದೇ ಇರಲಿ ಎನ್ನುತ್ತಿದ್ದೇವೆ.